ಕುಂಕಳ್ಳಿಯ ಅಂಗಳದಲ್ಲೊಂದು ರಾಜದೂತ್ 350

ಮಡಗಾಂವದಿಂದ ಕಾರವಾರದ ಕಡೆಗೆ ಹೊರಟ ಬಸ್ಸು ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕುಂಕಳ್ಳಿಯನ್ನು ಮುಟ್ಟುತ್ತದೆ. ರಾಷ್ಟ್ರೀಯ ಹೆದ್ದಾರಿ 66 ಇಲ್ಲಿ ಪೇಟೆಯನ್ನು ಸವರಿಕೊಂಡೇ ಹೋಗುವುದರಿಂದ ಊರು ನೋಡಲೆಂದು ಯಾರೂ ಇಳಿಯುವುದಿಲ್ಲ. ಕಾಣಕೋಣದ ಕಡಲತೀರಗಳಿಗೆ ಹೋಗುವವರು ಕರ್ಮಲ ಘಾಟಿನ ತಿರುವುಗಳು ಯಾವಾಗ ಬಂದಾವೆಂದು ಕಾಯುತ್ತಾರೆ. ಕರ್ನಾಟಕಕ್ಕೆ ಮರಳುವವರು ಕಣ್ಣು ಮುಚ್ಚಿಕೊಳ್ಳುತ್ತಾರೆ.

ಆದರೆ ಸಾಷ್ಟಿ ತಾಲೂಕಿನ ಈ ಊರು ಮರೆವಿಗೆ ಸುಲಭವಾಗಿ ಒಪ್ಪಿದ ಊರಲ್ಲ. 1583ರಲ್ಲಿ ಪೋರ್ಚುಗೀಜರ ವಿರುದ್ಧ ಇಲ್ಲಿನ ಗಾವಕರರು ಎದ್ದುನಿಂತರು. ಸಂಧಾನಕ್ಕೆಂದು ಅಸೋಳ್ಣೆಯ ಕೋಟೆಗೆ ಕರೆಸಿ ಅವರನ್ನು ಕೊಲ್ಲಲಾಯಿತು. ಅವರ ಸ್ಮಾರಕ ಇಂದಿಗೂ ಊರಿನಲ್ಲಿದೆ. ಗ್ರಾಮದೇವತೆ ಶಾಂತಾದುರ್ಗೆ ನೆರೆಯ ಫಾತರ್ಪೆಗೆ ಸ್ಥಳಾಂತರಗೊಂಡಳು. ಆದರೂ ವರ್ಷಕ್ಕೊಮ್ಮೆ ಫಾಲ್ಗುಣದಲ್ಲಿ ಬಣ್ಣದ ಛತ್ರಿಗಳ ಮೆರವಣಿಗೆಯೊಡನೆ ಅವಳು ತನ್ನ ಹಳೆಯ ನೆಲಕ್ಕೆ ಬಂದು ಹೋಗುತ್ತಾಳೆ. ಗೋವೆಯ ಕದಂಬರ ರಾಜಧಾನಿಯಾಗಿದ್ದ ಚಂದ್ರಪುರ, ಅಂದರೆ ಇಂದಿನ ಚಾಂದರ್, ಇದೇ ತಾಲೂಕಿನಲ್ಲಿದೆ.

ಊರಿನ ಇನ್ನೊಂದು ಮುಖ ಕೈಗಾರಿಕಾ ವಸಾಹತು. ಉಕ್ಕಿನ ಕೆಲಸ, ಮೀನು ಸಂಸ್ಕರಣೆ, ಸಣ್ಣಪುಟ್ಟ ಯಂತ್ರಗಳ ಘಟಕಗಳು. ಕೆಲಸ ಅರಸಿ ಗದಗ, ಹಾವೇರಿ, ಬಾಗಲಕೋಟೆಗಳ ಕಡೆಯಿಂದ ಬಂದ ಕುಟುಂಬಗಳು ದಕ್ಷಿಣ ಗೋವೆಯ ಇಂತಹ ಊರುಗಳಲ್ಲಿ ನೆಲೆನಿಂತಿವೆ. ಅಂತಹ ಒಂದು ಕುಟುಂಬ ಚಿರೆಕಲ್ಲಿನ ಹಳೆಯ ಮನೆಯೊಂದರ ಹಿಂಭಾಗದಲ್ಲಿ ಬಾಡಿಗೆಗಿದೆ. ತಂದೆ ಫಿಟ್ಟರ್, ಮಗಳು ಕನ್ನಡ ಮಾಧ್ಯಮದ ವಿದ್ಯಾರ್ಥಿನಿ. ಹಂಚಿನ ಇಳಿಜಾರಿನ ಕೆಳಗೆ ತಾಡಪತ್ರಿ ಹೊದ್ದು ನಿಂತಿರುವುದು ಒಂದು ರಾಜದೂತ್ 350.

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ರಜೆಯ ದಿನ ಮನೆಯ ಗ್ಯಾರೇಜಿನಲ್ಲಿ ಹಳೆಯ ಜಪಾನಿ ಸ್ಪೋರ್ಟ್ಸ್ ಕಾರನ್ನು ಬಿಚ್ಚಿಕೊಂಡು ಕೂಡುವವರು ಸಾವಿರಾರು ಮಂದಿ. 1969ರಲ್ಲಿ ಬಂದ ಡಾಟ್ಸನ್ 240ಝಡ್, 1989ರ ಮಾಜ್ದಾ ಎಂಎಕ್ಸ್-5 ಅವರ ಪ್ರೀತಿಯ ಕಾರುಗಳು. ನಮ್ಮ ಕಡೆಯ ಮಧ್ಯಮ ವರ್ಗಕ್ಕೆ ಅವು ಸಿನಿಮಾದ ಪರದೆಯಿಂದ ಕೆಳಗೆ ಇಳಿಯಲೇ ಇಲ್ಲ. ಜಪಾನಿನ ವೇಗ ನಮ್ಮ ಬೀದಿಗಳಿಗೆ ಬಂದದ್ದು ಎರಡು ಚಕ್ರಗಳ ಮೇಲೆ. ಯಮಹಾದ ಆರ್‌ಡಿ 350 ಮಾದರಿಯನ್ನು ಎಸ್ಕಾರ್ಟ್ಸ್ ಕಂಪನಿ 1983ರಿಂದ ‘ರಾಜದೂತ್ 350’ ಎಂಬ ಹೆಸರಿನಲ್ಲಿ ಭಾರತದಲ್ಲಿ ತಯಾರಿಸಿತು. ಎರಡು ಸಿಲಿಂಡರು, 347 ಸಿಸಿ, ಆರು ಗೇರು. ಮೂಲ ಜಪಾನಿ ಬೈಕಿನ ಶಕ್ತಿ 39 ಅಶ್ವಶಕ್ತಿಯಷ್ಟಿತ್ತು; ಇಲ್ಲಿ ಅದನ್ನು 30.5ಕ್ಕೂ, ಮುಂದೆ ಬಂದ ಇನ್ನೊಂದು ಆವೃತ್ತಿಯಲ್ಲಿ 27ಕ್ಕೂ ಇಳಿಸಲಾಯಿತು. ಮುಂಚಕ್ರದ ಡಿಸ್ಕ್ ಬ್ರೇಕು ಹೋಗಿ ಡ್ರಮ್ ಬಂದಿತು. ಅಷ್ಟು ಕಡಿತಗೊಳಿಸಿದ ಮೇಲೂ ಅಂದಿನ ರಸ್ತೆಗಳಲ್ಲಿ ಅದರೆದುರು ನಿಲ್ಲುವ ಬೈಕು ಇರಲಿಲ್ಲ. ಬೆಲೆ, ಪೆಟ್ರೋಲಿನ ಹಸಿವು, ಬಿಡಿಭಾಗಗಳ ಅಭಾವ ಇವುಗಳಿಂದಾಗಿ ಆ ದಶಕ ಮುಗಿಯುವ ಹೊತ್ತಿಗೆ ತಯಾರಿಕೆಯೇ ಮುಗಿಯಿತು. 1985ರಲ್ಲಿ ಬಂದ ಚಿಕ್ಕ ತಮ್ಮ ಆರ್‌ಎಕ್ಸ್ 100 ಮಾತ್ರ 1996ರವರೆಗೆ ಬಾಳಿತು.

ಈ ಮನೆಯ ಬೈಕು ಅಜ್ಜನದು. ಗದಗಿನಲ್ಲಿ ಅಡತಿ ಅಂಗಡಿ ನಡೆಸುತ್ತಿದ್ದ ಅವರು ಅದನ್ನು ಎರಡನೆಯ ಕೈಯಿಂದ ಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಅದು ಹಗೇವಿನ ಪಕ್ಕದ ಕೋಣೆಯಲ್ಲಿ ಗೋಣಿಚೀಲಗಳಡಿ ವರ್ಷಗಟ್ಟಲೆ ಮಲಗಿತ್ತು. ಬಯಲುಸೀಮೆಯ ಒಣಹವೆ ಅದನ್ನು ಹೆಚ್ಚು ಕೆಡಿಸಲಿಲ್ಲ. ಟೆಂಪೋದಲ್ಲಿ ಹುಬ್ಬಳ್ಳಿ, ಯಲ್ಲಾಪುರ, ಅಂಕೋಲೆ ದಾಟಿ ಕುಂಕಳ್ಳಿಗೆ ಬಂದ ಮೊದಲ ಮಳೆಗಾಲದಲ್ಲಿಯೇ ಕಡ್ಡಿಗಳಿಗೆ, ನಟ್ಟುಗಳಿಗೆ, ಟ್ಯಾಂಕಿನ ಒಳಮೈಗೆ ಕೆಂಪು ಹತ್ತಿತು. ಕಡಲ ಹವೆ ಕಬ್ಬಿಣದ ವಿಷಯದಲ್ಲಿ ಯಾರ ಮುಲಾಜನ್ನೂ ನೋಡುವುದಿಲ್ಲ.

ಮೊದಲ ದಿನ ಕಿಕ್ ಮಾಡುವ ಆತುರ ಮನೆಯ ಕಿರಿಯರಿಗೆ. ತಂದೆ ತಡೆದ.

“ಒದೀಬ್ಯಾಡ್ರಿ, ತಡೀರಿ. ಒಳಗ ಪಿಸ್ಟನ್ ಹಿಡದಿದ್ರ ರಿಂಗ್ ಮುರೀತಾವು.”

ಅವನು ಎರಡೂ ಪ್ಲಗ್ಗುಗಳನ್ನು ಬಿಚ್ಚಿ, ಆ ರಂಧ್ರಗಳಲ್ಲಿ ಡೀಸೆಲ್ ಬೆರೆಸಿದ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟು ನಾಲ್ಕು ದಿನ ಹಾಗೆಯೇ ಬಿಟ್ಟ. ಐದನೆಯ ದಿನ ಮೇಲಿನ ಗೇರಿಗೆ ಹಾಕಿ ಹಿಂಚಕ್ರವನ್ನು ಕೈಯಿಂದ ಮೆಲ್ಲನೆ ತಿರುಗಿಸಿದಾಗ ಇಂಜಿನ್ ನಿಟ್ಟುಸಿರಿನಂತೆ ಸರಿಯಿತು. ಆ ನಾಲ್ಕು ದಿನ ಸುಮ್ಮನೆ ಕಳೆಯಲಿಲ್ಲ. ಟ್ಯಾಂಕಿನೊಳಗೆ ವಿನೆಗರು ತುಂಬಿ, ಒಂದು ಹಿಡಿ ಸಣ್ಣ ನಟ್ಟುಗಳನ್ನು ಹಾಕಿ ಕುಲುಕುವ ಕೆಲಸ ಮಗಳ ಪಾಲಿಗೆ ಬಂದಿತ್ತು. (ಗೋವೆಯ ಅಡುಗೆಮನೆಗಳಲ್ಲಿ ತೆಂಗಿನ ವಿನೆಗರಿಗೆ ಕೊರತೆಯಿಲ್ಲ, ಆದರೆ ಅದನ್ನು ಹೀಗೆ ಸುರಿಯುವುದನ್ನು ಕಂಡ ಮನೆಯೊಡತಿ ಪೇಟೆಯಿಂದ ಅಗ್ಗದ ಬಿಳಿಯ ವಿನೆಗರನ್ನೇ ತರಿಸಿದಳು.) ಬಳಿಕ ಸೋಡಾ ಕದಡಿದ ನೀರಿನಿಂದ ತೊಳೆದು, ಬಿಸಿಲಿಗೆ ಪೂರ್ತಿ ಒಣಗಿಸಿ, ಒಳಮೈಗೆ ಎಣ್ಣೆ ಸವರಬೇಕು. ಈ ಕೊನೆಯ ಹಂತ ತಪ್ಪಿದರೆ ತುಕ್ಕು ಒಂದೇ ರಾತ್ರಿಯಲ್ಲಿ ಹಿಂದಿರುಗುತ್ತದೆ.

ಬ್ಯಾಟರಿಯ ಅಡಿಯಲ್ಲಿ ಮಡಚಿಟ್ಟ ಕಾಗದವೊಂದು ಸಿಕ್ಕಿತು. ಅಲುಗಾಡದಿರಲೆಂದು ಅಜ್ಜ ಇಟ್ಟಿದ್ದ ಅಡತಿಯ ಹಳೆಯ ಚೀಟಿ. ಹತ್ತಿಯ ಅಂಡಿಗೆಗಳ ತೂಕ ಕನ್ನಡ ಅಂಕಿಗಳಲ್ಲಿ ಬರೆದದ್ದು. ಮಗಳು ಅದನ್ನು ತಡವರಿಸದೆ ಓದಿದಳು. ಮನೆಯಲ್ಲಿ ಆ ಅಂಕಿಗಳನ್ನು ಅಷ್ಟು ಬೇಗ ಓದಬಲ್ಲವಳು ಅವಳೊಬ್ಬಳೇ. ಅಂದಿನಿಂದ ಲೆಕ್ಕದ ಪುಸ್ತಕ ಅವಳ ಕೈಗೆ ಬಂದಿತು: ಯಾವ ಬೋಲ್ಟು ಎಲ್ಲಿಂದ ಬಂದಿತು, ಯಾವ ತಂತಿ ಯಾವ ಬಣ್ಣದ್ದು, ಯಾವ ದಿನ ಏನನ್ನು ಪರೀಕ್ಷಿಸಲಾಯಿತು.

ದುರಸ್ತಿಯೆಂದರೆ ಬಿಚ್ಚುವುದು ಎಂದು ಅನೇಕರು ಭಾವಿಸುತ್ತಾರೆ. ಬಿಚ್ಚುವ ಮೊದಲು ದೋಷ ಎಲ್ಲಿದೆಯೆಂದು ತಿಳಿಯುವುದೇ ಅದರ ಕಠಿಣ ಭಾಗ. ಈ ವಿಷಯದಲ್ಲಿ ಎರಡು ಸಿಲಿಂಡರಿನ ಬೈಕು ಒಂದು ಉಪಕಾರ ಮಾಡುತ್ತದೆ: ಕೆಟ್ಟ ಸಿಲಿಂಡರಿನ ಪಕ್ಕದಲ್ಲಿಯೇ ಹೋಲಿಸಿ ನೋಡಲು ಒಳ್ಳೆಯದೊಂದು ಇರುತ್ತದೆ. ಪ್ಲಗ್ಗುಗಳನ್ನು ಹೊರಗಿಟ್ಟು ಕಿಕ್ ಮಾಡಿದಾಗ ಬಲಗಡೆ ನೀಲಿಯ ಕಿಡಿ ಹಾರಿತು, ಎಡಗಡೆ ಇಲ್ಲ.

“ಅಪ್ಪಾ, ಎಡಗಡೇದು ಸುಮ್ನ ಐತಿ. ಕಾಯಿಲ್ ಸುಟ್ಟೈತೇನು?”

“ಇರಬಹುದು. ಆದ್ರ ಮೊದ್ಲ ಕೊಳ್ಳೂದು ಬ್ಯಾಡ, ಅದಲು ಬದಲು ಮಾಡಿ ನೋಡೂಣು.”

ಎರಡು ಕಾಯಿಲುಗಳ ಸ್ಥಾನವನ್ನು ಬದಲಿಸಲಾಯಿತು. ಕಾಯಿಲಿನಲ್ಲಿಯೇ ದೋಷವಿದ್ದರೆ ಅದು ಕಾಯಿಲಿನೊಡನೆ ಬಲಕ್ಕೆ ಹೋಗಬೇಕು. ಹೋಗಲಿಲ್ಲ, ಎಡಗಡೆ ಕತ್ತಲೆಯೇ ಉಳಿಯಿತು. ಹಾಗಾದರೆ ತಪ್ಪು ಅದಕ್ಕಿಂತ ಹಿಂದಿದೆ. ಈ ಇಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಪಾಯಿಂಟು, ಪ್ರತ್ಯೇಕ ಕಂಡೆನ್ಸರು. ಪಾಯಿಂಟಿನ ಮುಖ ಹಸಿರುಗಟ್ಟಿತ್ತು. ಅದನ್ನು ನುಣುಪು ಕಾಗದದಿಂದ ಉಜ್ಜಿ, 0.3ರಿಂದ 0.4 ಮಿಲಿಮೀಟರಿನ ಅಂತರಕ್ಕೆ ಹೊಂದಿಸಿದ ಮೇಲೆ ಕಿಡಿ ಬಂದಿತು, ಆದರೆ ಹಳದಿಯಾಗಿ, ದುರ್ಬಲವಾಗಿ. ಕಂಡೆನ್ಸರ್ ಬದಲಿಸಿದಾಗ ನೀಲಿಯಾಯಿತು. ಮೊದಲ ದಿನವೇ ಹೊಸ ಕಾಯಿಲ್ ಕೊಂಡಿದ್ದರೆ ಹಣವೂ ಹೋಗುತ್ತಿತ್ತು, ದೋಷವೂ ಉಳಿಯುತ್ತಿತ್ತು.

ಕಾರ್ಬುರೇಟರುಗಳ ಜೆಟ್ಟುಗಳಲ್ಲಿ ಒಣಗಿದ ಪೆಟ್ರೋಲು ಮೇಣದಂತೆ ಕೂತಿತ್ತು. ತಂತಿ ತೂರಿಸಿದರೆ ರಂಧ್ರ ದೊಡ್ಡದಾಗುವ ಭಯವಿರುವುದರಿಂದ ದ್ರಾವಣದಲ್ಲಿ ನೆನೆಸಿ ಗಾಳಿ ಊದಿ ತೆಗೆಯಲಾಯಿತು. ಇಂಧನಕ್ಕೆ ಎಣ್ಣೆ ಬೆರೆಸುವ ಪಂಪು ಈ ಬೈಕಿನಲ್ಲಿ ಪ್ರತ್ಯೇಕವಾಗಿದೆ. ಅದರ ಕೊಳವೆಯಲ್ಲಿ ಗಾಳಿಯ ಗುಳ್ಳೆ ಉಳಿದರೆ ಎಣ್ಣೆ ಸಿಗದೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆದುದರಿಂದ ಗಾಳಿ ತೆಗೆದದ್ದಲ್ಲದೆ ಮೊದಲ ಎರಡು ಲೀಟರ್ ಪೆಟ್ರೋಲಿಗೆ ಕೈಯಿಂದಲೂ ಎಣ್ಣೆ ಬೆರೆಸಲಾಯಿತು.

ಹನ್ನೊಂದನೆಯ ಕಿಕ್ಕಿಗೆ ಇಂಜಿನ್ ಎದ್ದಿತು. ನೆರೆಯ ನಾಯಿಗಳೆಲ್ಲ ಓಡಿಹೋದವು. ಆದರೆ ಸಂಭ್ರಮ ಎರಡು ನಿಮಿಷವೂ ಬಾಳಲಿಲ್ಲ. ಬಲಗಡೆಯ ಸೈಲೆನ್ಸರು ದಟ್ಟ ಬಿಳಿಯ ಹೊಗೆ ಕಾರತೊಡಗಿತು. ಅದಕ್ಕಿಂತ ಅಪಾಯದ ಸಂಗತಿಯೆಂದರೆ ಎಕ್ಸಿಲರೇಟರ್ ಬಿಟ್ಟರೂ ಇಂಜಿನ್ನಿನ ವೇಗ ಇಳಿಯಲಿಲ್ಲ. ತಂದೆ ಕೂಡಲೇ ಕೀಲಿ ತಿರುಗಿಸಿದ.

ಎರಡು ಲಕ್ಷಣಗಳಿಗೂ ಮೂಲ ಒಂದೇ ಬಗೆಯದು. ಕ್ರ್ಯಾಂಕಿನ ಎರಡು ತುದಿಗಳಲ್ಲಿ ರಬ್ಬರಿನ ಸೀಲುಗಳಿವೆ. ಬಲಗಡೆ ಕ್ಲಚ್ಚು ಗೇರೆಣ್ಣೆಯಲ್ಲಿ ಮುಳುಗಿರುವುದರಿಂದ ಆ ಕಡೆಯ ಸೀಲು ಗಟ್ಟಿಯಾಗಿ ಬಿರುಕುಬಿಟ್ಟರೆ ಇಂಜಿನ್ ಗೇರೆಣ್ಣೆಯನ್ನೇ ಹೀರಿ ಸುಡುತ್ತದೆ. ಎಡಗಡೆ ಎಣ್ಣೆಯಿಲ್ಲ, ಅಲ್ಲಿ ಸೀಲು ಸೋರಿದರೆ ಒಳಗೆ ಹೋಗುವುದು ಬರಿಯ ಗಾಳಿ. ಗಾಳಿ ಹೆಚ್ಚಿ ಇಂಧನ ಕಡಿಮೆಯಾದಾಗ ಇಂಜಿನ್ ಹುಚ್ಚೆದ್ದು ಓಡುತ್ತದೆ, ಕಾಯುತ್ತದೆ, ಕೊನೆಗೆ ಪಿಸ್ಟನ್ನಿಗೆ ತೂತು ಬೀಳುತ್ತದೆ. ಹೊಗೆ ಕಂಡು ಹೆದರುವವರು ಬಹಳ. ಕಾಣದ ಗಾಳಿಯೇ ಹೆಚ್ಚು ಕೆಡುಕಿನದು.

ಊಹೆಯ ಮೇಲೆ ಇಂಜಿನ್ ಬಿಚ್ಚುವ ಮುನ್ನ ಅದನ್ನೂ ಪರೀಕ್ಷಿಸಲಾಯಿತು. ಒಳದಾರಿ ಹೊರದಾರಿಗಳಿಗೆ ರಬ್ಬರಿನ ಬಿರಡೆ ಬಿಗಿದು, ಸೈಕಲ್ ಪಂಪಿನಿಂದ ಸ್ವಲ್ಪವೇ ಗಾಳಿ ತುಂಬಿ, ಸೀಲಿನ ಸುತ್ತ ಸಾಬೂನಿನ ನೊರೆ ಸವರಿದರು. ಎಡಗಡೆ ಅಡಿಕೆಯ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಉಬ್ಬಿದವು. ಮಗಳು ದಿನಾಂಕ ಹಾಕಿ ಬರೆದುಕೊಂಡಳು. ಇಂಜಿನ್ ಚೌಕಟ್ಟಿನಿಂದ ಇಳಿಯಿತು, ಮೇಲ್ಭಾಗ ಕೆಳಭಾಗವೆಂದು ಎರಡಾಗಿ ಬಿಡಿಸಿಕೊಂಡಿತು, ಸೀಲುಗಳು ಬದಲಾದವು. ಸಿಲಿಂಡರುಗಳ ಒಳಗೋಡೆಯಲ್ಲಿ ಗೀರುಗಳಿದ್ದುದರಿಂದ ಮಡಗಾಂವದ ಲೇಥಿನಲ್ಲಿ ಕೊರೆಸಿ, ಒಂದು ಅಳತೆ ದೊಡ್ಡ ಪಿಸ್ಟನ್ನುಗಳನ್ನು ಹಾಕಬೇಕಾಯಿತು. ಆ ಪಿಸ್ಟನ್ನುಗಳು ಸಿಗಲು ಒಂದೂವರೆ ತಿಂಗಳು ಹಿಡಿಯಿತು.

ಆ ಒಂದೂವರೆ ತಿಂಗಳಿನಲ್ಲಿ ಒಂದು ಪ್ರಲೋಭನೆ ಬಂದಿತು. ಗುಜರಿ ವ್ಯಾಪಾರಿಯೊಬ್ಬನ ಬಳಿ ಇದೇ ಜಾತಿಯ, ಓಡುವ ಸ್ಥಿತಿಯ ಇಂಜಿನ್ ಇತ್ತು. ಬೆಲೆಯೂ ರಿಪೇರಿಗಿಂತ ಕಡಿಮೆ. ಕಾಗದ ಮಾತ್ರ ಇರಲಿಲ್ಲ. ಬೇಕಾದರೆ ಅಜ್ಜನ ಇಂಜಿನ್ನಿನ ಸಂಖ್ಯೆಯನ್ನು ಅದರ ಮೇಲೆ ಹೊಡೆದುಕೊಡುವುದಾಗಿಯೂ ಅವನು ಹೇಳಿದ.

ಹಳೆಯ ವಾಹನಗಳನ್ನು ಪ್ರೀತಿಸುವವರು ಎಡವುವುದು ಇಲ್ಲಿಯೇ. ನೋಂದಣಿ ಪತ್ರದಲ್ಲಿರುವ ಚಾಸಿ ಸಂಖ್ಯೆ ಮತ್ತು ಇಂಜಿನ್ ಸಂಖ್ಯೆಗಳೇ ಕಾನೂನಿನ ಕಣ್ಣಿಗೆ ವಾಹನದ ಗುರುತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ನಿಗದಿಪಡಿಸಿದ ಮೂಲ ಲಕ್ಷಣಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಇಂಜಿನ್ ಬದಲಿಸಲೇಬೇಕಾದರೆ ನೋಂದಣಿ ಪ್ರಾಧಿಕಾರದ ಅನುಮತಿಯ ದಾರಿಯಿದೆ. ಸಂಖ್ಯೆ ತಿದ್ದುವುದು ದಾರಿಯಲ್ಲ, ಅಪರಾಧ. ಕದ್ದ ಬೈಕಿನ ಇಂಜಿನ್ ಯಾರದೋ ಅಂಗಳದಲ್ಲಿ ಸಿಕ್ಕಾಗ ಕೊಂಡವನ ಮುಗ್ಧತೆಯನ್ನು ಸಾಬೀತುಪಡಿಸಲು ವರ್ಷಗಳು ಬೇಕಾಗುತ್ತವೆ. ತಂದೆ ಎರಡು ರಾತ್ರಿ ಯೋಚಿಸಿ ಬೇಡವೆಂದ. ಚೌಕಟ್ಟಿನ ತಲೆಯ ಮೇಲಿನ ಸಂಖ್ಯೆ ತುಕ್ಕಿನಲ್ಲಿ ಅರ್ಧ ಮುಚ್ಚಿಹೋಗಿತ್ತು. ಅದನ್ನು ಉಜ್ಜುಗಲ್ಲಿನಿಂದಲ್ಲ, ಸೀಮೆಎಣ್ಣೆ ಮತ್ತು ಹಲ್ಲುಜ್ಜುವ ಬ್ರಷ್ಷಿನಿಂದ ಒಂದು ಮಧ್ಯಾಹ್ನವಿಡೀ ಕೂತು ಬಿಡಿಸಿದ.

ಕಾಗದದ ಕೆಲಸ ಇನ್ನೂ ಇದೆ. ಖಾಸಗಿ ವಾಹನದ ನೋಂದಣಿ 15 ವರ್ಷಗಳದು. ಆಮೇಲೆ ತಪಾಸಣೆಗೆ ಒಳಪಟ್ಟು ನವೀಕರಿಸಬೇಕು. ಮಾಲೀಕ ತೀರಿಕೊಂಡಿದ್ದರೆ ವಾರಸುದಾರನ ಹೆಸರಿಗೆ ಬದಲಿಸಲು ನಮೂನೆ 31. ಒಂದು ರಾಜ್ಯದ ವಾಹನ ಇನ್ನೊಂದರಲ್ಲಿ 12 ತಿಂಗಳು ಮೀರಿ ಉಳಿಯುವುದಾದರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಹಳೆಯ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಊರಿನಿಂದ ಗಾಡಿ ತಂದುಕೊಂಡ ಗೋವೆಯ ಕನ್ನಡ ಮನೆಗಳಲ್ಲಿ ಅನೇಕರು ಇದನ್ನು ನಾಳೆಗೆ ಮುಂದೂಡುತ್ತಲೇ ಇರುತ್ತಾರೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ‘ವಿಂಟೇಜ್’ ನಿಯಮಗಳ ಪ್ರತ್ಯೇಕ ನೋಂದಣಿ ಇದಕ್ಕೆ ಒದಗುವುದಿಲ್ಲ. ಅದಕ್ಕೆ ವಾಹನಕ್ಕೆ 50 ವರ್ಷ ದಾಟಿರಬೇಕು; ಅತ್ಯಂತ ಹಳೆಯ ರಾಜದೂತ್ 350ಕ್ಕೂ ಆ ವಯಸ್ಸು ಬರುವುದು 2033ರಲ್ಲಿ. ಮೇಲಾಗಿ ಆ ನೋಂದಣಿ ಪಡೆದ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ.

ಪಿಸ್ಟನ್ನುಗಳು ಬಂದವು, ಇಂಜಿನ್ ಮತ್ತೆ ಚೌಕಟ್ಟಿಗೆ ಏರಿತು. ಎರಡನೆಯ ಸಲ ಮೂರನೆಯ ಕಿಕ್ಕಿಗೇ ಎದ್ದು, ಎಕ್ಸಿಲರೇಟರ್ ಬಿಟ್ಟೊಡನೆ ಶಾಂತವಾಗಿ ಇಳಿಯಿತು. ಮಗಳು ಎರಡೂ ಸೈಲೆನ್ಸರುಗಳ ಹಿಂದೆ ಒಂದೊಂದು ಬಿಳಿಯ ಕಾಗದ ಹಿಡಿದು, ಬಿದ್ದ ಎಣ್ಣೆಯ ಹನಿಗಳನ್ನು ಹೋಲಿಸಿದಳು. ಪುಸ್ತಕದಲ್ಲಿ ಬರೆದದ್ದು ಇಷ್ಟು: ಎಡ—ತೆಳು ನೀಲಿ ಹೊಗೆ. ಬಲ—ಅದೇ.

ನಮೂನೆ 31ರೊಡನೆ ಇಡಬೇಕಾದ ಅಜ್ಜಿಯ ಒಪ್ಪಿಗೆ ಪತ್ರ ಗದಗಿನಿಂದ ಬರಬೇಕಾಗಿದೆ. ಅಲ್ಲಿಯವರೆಗೆ ಬೈಕು ಅಂಗಳದ ಗೇಟು ದಾಟುವಂತಿಲ್ಲ ಎಂದು ತಂದೆ ಕಟ್ಟುನಿಟ್ಟು ಮಾಡಿದ್ದಾನೆ. ಸಹಿ ಹಾಕಲು ಅಜ್ಜಿ ಒಂದು ಕರಾರು ಒಡ್ಡಿದ್ದಾಳೆಂದು ಫೋನಿನಲ್ಲಿ ತಿಳಿದಿದೆ: ಮುಂದಿನ ಛತ್ರಿ ಉತ್ಸವಕ್ಕೆ ತಾನು ಬರುವವಳು, ಫಾತರ್ಪೆಯವರೆಗೆ ಹಿಂದಿನ ಸೀಟು ತನ್ನದು.