ಚಿತ್ರದೆಲೆಗಳ ದಿನಚರಿ

ಪ್ರಾಥಮಿಕ ಶಾಲೆಯ ಮಾಸ್ತರರೊಬ್ಬರು ಮುಂಜಾನೆ ಎದ್ದು, ಇಸ್ಪೀಟಿನಂಥ ಒಂದು ಕಟ್ಟನ್ನು ಕಲಸಿ, ಅದರಿಂದ ಒಂದೆಲೆಯನ್ನು ಎತ್ತಿ, ಅದರ ಮೇಲೆ ಅರ್ಧ ಪುಟ ಬರೆಯುತ್ತಾರೆಂದು ಕೇಳಿದರೆ ವಾಚಕರು ಹುಬ್ಬೇರಿಸುವುದು ಸಹಜ. ಆ ಮಾಸ್ತರರು ನಾವೇ. ಮಕ್ಕಳಿಗೆ ವೈಜ್ಞಾನಿಕ ದೃಷ್ಟಿಯನ್ನು ಬೋಧಿಸಬೇಕಾದವರು ಶಕುನದ ಎಲೆಗಳನ್ನು ಹಿಡಿಯುವುದು ತರವೇ ಎಂದು ಮಿತ್ರರೊಬ್ಬರು ಆಕ್ಷೇಪಿಸಿದ್ದೂ ಉಂಟು. ಅವರಿಗೆ ಆ ದಿನ ಸರಿಯಾದ ಉತ್ತರವನ್ನು ಕೊಡಲಾರದೆ ಹೋದೆವು. ಈ ಬರಹವೇ ಆ ಉತ್ತರವೆಂದು ಭಾವಿಸಬೇಕಾಗಿ ವಿನಂತಿ.

ಕಟ್ಟು ನಮ್ಮ ಕೈಗೆ ಬಂದದ್ದು ಆಕಸ್ಮಿಕವಾಗಿ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಸೋದರಳಿಯನೊಬ್ಬ ರಜೆಯಲ್ಲಿ ಬಂದವನು ಅದನ್ನು ನಮ್ಮ ಮೇಜಿನ ಮೇಲೆ ಮರೆತು ಹೋದ. ಕಳುಹಿಸಿ ಕೊಡಲೇ ಎಂದು ಕೇಳಿದರೆ, ನೀವೇ ಇಟ್ಟುಕೊಳ್ಳಿ ಮಾವ ಎಂದ. ನಮ್ಮ ತಾಯಿ ಅದನ್ನು ತಿರುವಿ ನೋಡಿ, "ಕವಡೆ ಇರುವ ಊರಲ್ಲಿ ಈ ಕಾಗದ ಎಂತಕ್ಕೆ ಮಗಾ?" ಎಂದರು. ಕಾಸರಗೋಡಿನ ಕಡೆಯ ಮನೆಗಳಲ್ಲಿ ಮದುವೆಯಾಗಲಿ, ಕಳವಾಗಲಿ, ಕಾಯಿಲೆಯಾಗಲಿ, ಜೋಯಿಸರಲ್ಲಿ ಪ್ರಶ್ನೆ ಇಡಿಸುವ ರೂಢಿ ಇದೆ. ದೇವಸ್ಥಾನಗಳಲ್ಲಿ ದಿನಗಟ್ಟಲೆ ಅಷ್ಟಮಂಗಲ ಪ್ರಶ್ನೆ ನಡೆಯುವುದೂ ಉಂಟು. ಆದುದರಿಂದ ತಾಯಿಯವರ ಆಕ್ಷೇಪ ಶಕುನದ ಮೇಲಲ್ಲ, ಪರದೇಶದ ಶಕುನದ ಮೇಲೆ ಮಾತ್ರ ಎಂಬುದು ಸ್ಪಷ್ಟವಾಗಿತ್ತು.

ಟ್ಯಾರೊ ಎಂಬ ಈ ಎಲೆಗಳ ಪೂರ್ವವೃತ್ತಾಂತ ಸ್ವಾರಸ್ಯವಾದುದು. ಹದಿನೈದನೆಯ ಶತಮಾನದ ಉತ್ತರ ಇಟಲಿಯಲ್ಲಿ ಇವು ಹುಟ್ಟಿದ್ದು ಭವಿಷ್ಯ ನುಡಿಯಲಿಕ್ಕಲ್ಲ, ಆಡಲಿಕ್ಕೆ. ಮಿಲಾನಿನ ವಿಸ್ಕೊಂಟಿ ಮತ್ತು ಸ್ಫೋರ್ಜಾ ಮನೆತನಗಳ ಪ್ರಭುಗಳಿಗಾಗಿ ಹೊನ್ನಿನ ರೇಕುಗಳಿಂದ ಅಲಂಕರಿಸಿದ ಎಲೆಗಳು ಇಂದಿಗೂ ಉಳಿದಿವೆ. 1781ರಲ್ಲಿ ಕೂರ್ ದ ಜೆಬೆಲಾನ್ ಎಂಬ ಫ್ರೆಂಚ್ ಪಂಡಿತನು ಇವು ಪ್ರಾಚೀನ ಈಜಿಪ್ಟಿನ ಜ್ಞಾನಗ್ರಂಥದ ಹಾಳೆಗಳೆಂದು ಸಾರಿದನು. ಈಜಿಪ್ಟಿನ ಚಿತ್ರಲಿಪಿಯನ್ನು ಓದುವ ಕೀಲಿಯನ್ನು ಶಾಂಪೋಲಿಯಾನನು ಪ್ರಕಟಿಸಿದ್ದು 1822ರಲ್ಲಿ. ಎಂದಮೇಲೆ ಓದಲು ಬಾರದ ಗ್ರಂಥದ ಸಾರವನ್ನು ಆ ಪಂಡಿತನು ನಾಲ್ವತ್ತು ವರ್ಷ ಮುಂಚಿತವಾಗಿಯೇ ತಿಳಿಸಿಬಿಟ್ಟಂತಾಯಿತು! ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರಜ್ಞ ಮೈಕೆಲ್ ಡಮೆಟ್ಟರು 1980ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥವು ಈ ಎಲೆಗಳು ಮೂಲತಃ ಆಟದವೇ ಎಂಬುದನ್ನು ಸಾಧಾರವಾಗಿ ತೋರಿಸಿತು. ಫ್ರಾನ್ಸಿನಲ್ಲಿ ಜನರು ಇಂದಿಗೂ ಇವುಗಳಿಂದ ಆಟವಾಡುತ್ತಾರೆ.

ನಮ್ಮಲ್ಲಿರುವ ಕಟ್ಟು 1909ರಲ್ಲಿ ಲಂಡನಿನಲ್ಲಿ ಹೊರಬಂದ ಮಾದರಿಯದು. ಒಟ್ಟು 78 ಎಲೆಗಳು: 22 ದೊಡ್ಡವು, ದಂಡ, ಬಟ್ಟಲು, ಖಡ್ಗ, ನಾಣ್ಯ ಎಂಬ ನಾಲ್ಕು ಜಾತಿಗಳಲ್ಲಿ ತಲಾ 14ರಂತೆ 56 ಚಿಕ್ಕವು. ಯೋಜನೆ ಎ. ಇ. ವೇಟ್ ಎಂಬವರದು; ಚಿತ್ರ ಬರೆದವರು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಮಹಿಳೆ. ಬಹುಕಾಲ ಈ ಕಟ್ಟು ಪ್ರಕಾಶಕರ ಮತ್ತು ವೇಟರ ಹೆಸರಿನಿಂದಲೇ ಪ್ರಸಿದ್ಧವಾಗಿತ್ತು. ಚಿತ್ರಕಾರ್ತಿಯ ಪಾಲಿಗೆ ಇದ್ದದ್ದು ಎಲೆಗಳ ಮೂಲೆಯ ಒಂದು ಪುಟ್ಟ ಅಂಕಿತ ಮಾತ್ರ. ಹಳೆಯ ಕಟ್ಟುಗಳ ಚಿಕ್ಕ ಎಲೆಗಳಲ್ಲಿ ಸಾಮಾನ್ಯವಾಗಿ ಐದು ನಾಣ್ಯಕ್ಕೆ ಐದು ನಾಣ್ಯಗಳ ಗುರುತಷ್ಟೆ ಇರುತ್ತಿತ್ತು. ಈಕೆಯಾದರೋ ಹೆಚ್ಚಿನವುಗಳಲ್ಲಿ ಮನುಷ್ಯರ ಒಂದು ಪ್ರಸಂಗವನ್ನೇ ಬರೆದಿಟ್ಟರು. ಚಿತ್ರ ಮೂಕವಾದುದು, ಮಾತು ನೋಡುವವನದು. ತಾಳಮದ್ದಳೆಯನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭಾಗವತರು ಹಾಡುವ ಪದ ಒಂದೇ. ಅರ್ಥಧಾರಿ ಬದಲಾದರೆ ಕರ್ಣನೇ ಬದಲಾಗುತ್ತಾನೆ. ಎಲೆ ನಮಗೆ ಪದವನ್ನು ಕೊಡುತ್ತದೆ. ಅರ್ಥದಲ್ಲಿ ಬಯಲಾಗುವವರು ನಾವು.

ಹಾಗಾದರೆ ಎಲೆಯ ಸಂಗಡ ಬರುವ ಫಲದ ಪುಸ್ತಕ ಏಕೆ ಸಾಲದು? ಇದಕ್ಕೆ ಒಂದು ಪ್ರಯೋಗವನ್ನು ಜ್ಞಾಪಿಸಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 1948ರಲ್ಲಿ ತಮ್ಮ 39 ಮಂದಿ ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಬಳಿಕ ಒಬ್ಬೊಬ್ಬರಿಗೂ ಅವರವರ ಸ್ವಭಾವದ ವರ್ಣನೆಯೆಂದು ಒಂದು ಹಾಳೆಯನ್ನು ಹಂಚಿದರು. ಇದು ನಿಮಗೆ ಎಷ್ಟು ಹೊಂದುತ್ತದೆ ಎಂದು ಕೇಳಿದಾಗ ಐದಕ್ಕೆ ಸರಾಸರಿ 4.26 ಅಂಕ ಬಂತು. ವಾಸ್ತವವಾಗಿ ಎಲ್ಲರ ಹಾಳೆಯೂ ಒಂದೇ ಆಗಿತ್ತು. ಅದರ ಬಹುಭಾಗ ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದಿಂದ ತೆಗೆದುದಾಗಿತ್ತು. ಎಲ್ಲರಿಗೂ ಹೊಂದುವ ಮಾತು ಯಾರನ್ನೂ ತಿದ್ದಲಾರದು. ತಿದ್ದಬಲ್ಲುದು ತಾರೀಕು, ವಾರ, ಹೊತ್ತು, ಆಡಿದ ಮಾತು ಇವುಗಳನ್ನುಳ್ಳ ಬರಹ. ಅದಕ್ಕಾಗಿಯೇ ದಿನಚರಿ.

ನಾವು ಅನುಸರಿಸುವ ಕ್ರಮವನ್ನು ಹೇಳಿಬಿಡುತ್ತೇವೆ. ಬೆಳಗ್ಗೆ ಒಂದೇ ಎಲೆ. ಫಲದ ಪುಸ್ತಕವನ್ನು ತೆರೆಯುವ ಮೊದಲು, ಕಣ್ಣಿಗೆ ಕಾಣುವುದನ್ನಷ್ಟೆ ಬರೆಯುವುದು: ಯಾರಿದ್ದಾರೆ, ಯಾವ ಕಡೆ ನೋಡುತ್ತಾರೆ, ಕೈಯಲ್ಲಿ ಏನಿದೆ. ಅನಂತರ ಮನಸ್ಸಿಗೆ ತೋರಿದ್ದು. ಸಾಯಂಕಾಲ, ಆ ದಿನ ನಿಜವಾಗಿ ನಡೆದದ್ದು. "ಏನಾಗುತ್ತದೆ?" ಎಂದು ಎಲೆಯನ್ನು ಕೇಳುವುದಿಲ್ಲ, "ಇಂದು ಏನನ್ನು ಗಮನಿಸಬೇಕು?" ಎಂದು ಮಾತ್ರ ಕೇಳುವುದು. ಇದು ನಮಗೆ ಹೊಸದಾಗಿ ತೋರಲಿಲ್ಲ. ತರಬೇತಿಯ ದಿನಗಳಲ್ಲಿ ಪಾಠಟಿಪ್ಪಣಿಯನ್ನು ಬರೆಯುವಾಗ ಒಂದು ಪಾರ್ಶ್ವದಲ್ಲಿ ಮಾಡಬೇಕೆಂದುಕೊಂಡದ್ದು, ಇನ್ನೊಂದು ಪಾರ್ಶ್ವದಲ್ಲಿ ಮಕ್ಕಳಿಂದ ಬಂದ ಪ್ರತಿಕ್ರಿಯೆ ಎಂದು ಕಲಿಸಿದ್ದರು. ಆ ಎರಡನೆಯ ಪಾರ್ಶ್ವವನ್ನು ನಾವು, ಸತ್ಯವನ್ನು ಹೇಳಬೇಕಾದರೆ, ಹಿಂದಿನ ರಾತ್ರಿಯೇ ತುಂಬಿಸಿಡುತ್ತಿದ್ದೆವು.

ಮೊದಲ ತಿಂಗಳು ವಿನೋದದಲ್ಲಿಯೇ ಕಳೆಯಿತು. ಮೇಲಧಿಕಾರಿಗಳು ಶಾಲೆಯ ತನಿಖೆಗೆ ಬರುವ ದಿನ 'ಮರಣ'ದ ಎಲೆ ಬಂತು: ಕವಚ ತೊಟ್ಟ ಅಸ್ಥಿಪಂಜರ, ಬಿಳಿಯ ಕುದುರೆ, ಕೆಳಗೆ ಬಿದ್ದ ರಾಜ. ಎದೆ ಡವಗುಟ್ಟಿತು. ಆ ದಿನ ನಿಂತುಹೋದದ್ದು ತರಗತಿಯ ಗೋಡೆಗಡಿಯಾರ ಒಂದೇ. ಇನ್ನೊಂದು ದಿನ ಹಿಡಿಸದ ಎಲೆ ಬಂದಾಗ ಅದನ್ನು ಮೆಲ್ಲನೆ ಒಳಗೆ ತಳ್ಳಿ ಬೇರೊಂದನ್ನು ಎತ್ತಿದೆವು. ಉತ್ತರ ಪತ್ರಿಕೆಯನ್ನು ನೋಡಿ ಬರೆಯುವ ಹುಡುಗನಿಗೆ ಎಷ್ಟು ಉಪದೇಶ ಮಾಡಿದ್ದೇವೆ! ಅದನ್ನೂ ಬರೆದಿಟ್ಟೆವು.

ಆಟಿ ತಿಂಗಳ ಒಂದು ಬುಧವಾರ 'ಧರ್ಮಗುರು' ಎಂಬ ಎಲೆ ಬಂತು. ಎರಡು ಕಂಬಗಳ ನಡುವೆ ಪೀಠಸ್ಥನಾದ ಗುರು. ತಲೆಯ ಮೇಲೆ ಮೂರು ಅಂತಸ್ತಿನ ಕಿರೀಟ, ಮೇಲೆತ್ತಿದ ಬಲಗೈ. ಪಾದದ ಬಳಿ ಅಡ್ಡಲಾಗಿ ಇಟ್ಟ ಎರಡು ಕೀಲಿಕೈಗಳು. ಎದುರಿನಲ್ಲಿ ಇಬ್ಬರು ಶಿಷ್ಯರು. ಅಧ್ಯಾಪಕನ ಎಲೆಯೇ ಇದು ಎಂದು ಹಿಗ್ಗಿದೆವು. ಸಾಯಂಕಾಲದ ಬರಹ ಹೀಗಿದೆ: "ನಾಲ್ಕನೆಯ ತರಗತಿಯಲ್ಲಿ ಶಿಸ್ತು ನೆಲೆಗೊಂಡಿತು. ಹಿಂದಿನ ಬೆಂಚಿನ ಹುಡುಗ ಪದ್ಯ ಹೇಳದೆ ಹಠ ಹಿಡಿದುದರಿಂದ ಅವಧಿ ಮುಗಿಯುವ ತನಕ ಜಗಲಿಯಲ್ಲಿ ನಿಲ್ಲಿಸಿದೆವು. ಮಳೆ ಜೋರು. ಉಳಿದವರು ಚೆನ್ನಾಗಿ ಹೇಳಿದರು." ಕೋಲು ಹಿಡಿಯಲಿಲ್ಲವೆಂಬ ಸಮಾಧಾನವೂ ಒಂದು ಸಾಲಿನಲ್ಲಿದೆ. ದೇಹದಂಡನೆಯೊಂದಿಗೆ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ ಎಂಬುದು ಆಗ ನೆನಪಿಗೆ ಬರಲಿಲ್ಲ.

ನವೆಂಬರ 1ರಂದು ಬಂದದ್ದು 'ನಾಣ್ಯ ಐದು'. ಹಿಮ ಸುರಿಯುವ ರಾತ್ರಿ. ದೀಪ ಬೆಳಗುವ ಬಣ್ಣದ ಗಾಜಿನ ಕಿಟಕಿಯ ಕೆಳಗೆ ಬರಿಗಾಲಿನ ಹೆಂಗಸೊಬ್ಬಳು, ಊರುಗೋಲಿನ ಗಂಡಸೊಬ್ಬನು ನಡೆದುಹೋಗುತ್ತಿದ್ದಾರೆ. ಕಿಟಕಿ ಇದೆ, ಬಾಗಿಲು ಕಾಣುವುದಿಲ್ಲ. 1956ರ ಆ ತಾರೀಕಿನಂದೇ ಅತ್ತ ವಿಶಾಲ ಮೈಸೂರು, ಇತ್ತ ಕೇರಳ ಉದಯಿಸಿ, ಕಾಸರಗೋಡು ಈಚೆಯ ಪಾಲಿಗೆ ಬಂದದ್ದನ್ನು ಈ ಪತ್ರಿಕೆಯ ವಾಚಕರಿಗೆ ಹೇಳಬೇಕಾಗಿಲ್ಲ. ನಾವು ಎರಡು ಪುಟ ಬರೆದೆವು: ದೀಪ ಉರಿಯುವ ಮನೆ ಕನ್ನಡ ನಾಡು, ಹಿಮದಲ್ಲಿ ನಡೆಯುವವರು ಗಡಿಯ ಕನ್ನಡಿಗರು, ನಮ್ಮ ನುಡಿಯನ್ನು ಕೇಳುವವರಿಲ್ಲ ಎಂದು. ಸಂಜೆ ಸಂಘದ ಸಭೆಯಲ್ಲಿ ಅದನ್ನೇ ಭಾಷಣ ಮಾಡಿದೆವು. ಚಪ್ಪಾಳೆ ಬಿತ್ತು.

ಬೇಸಗೆಯ ರಜೆಯಲ್ಲಿ ಇಡೀ ವರ್ಷದ ದಿನಚರಿಯನ್ನು ಒಂದೇ ಬೈಠಕ್ಕಿನಲ್ಲಿ ಓದಲು ಕುಳಿತೆವು. ಆಟಿಯ ಆ ಬುಧವಾರ ನಮಗೆ ಸಂಪೂರ್ಣ ಮರೆತುಹೋಗಿತ್ತು. ಬರೆದ ಅಕ್ಷರ ನಮ್ಮದಾಗಿರದಿದ್ದರೆ ಹಾಗೆ ನಡೆದೇ ಇಲ್ಲವೆಂದು ಸಾಧಿಸುತ್ತಿದ್ದೆವು. ಮುಂದಿನ ಪುಟಗಳಲ್ಲಿ ಆ ಹುಡುಗನ ಮಾತು ಮೂರು ಕಡೆ ಬಂದಿದೆ: ಮಾರನೆಯ ದಿನ ಗೈರುಹಾಜರಿ, ಮರುವಾರ ಎರಡು ದಿನ ಗೈರುಹಾಜರಿ, ಓಣಂ ರಜೆಯ ಬಳಿಕ ವರ್ಗಾವಣೆ ಪತ್ರ. ಮಕ್ಕಳ ಎಣಿಕೆಯ ಮೇಲೆ ಅಧ್ಯಾಪಕರ ಹುದ್ದೆ ನಿಲ್ಲುವ ನಮ್ಮ ಶಾಲೆಗಳಲ್ಲಿ ಒಂದು ಮಗು ಹೋಯಿತೆಂದರೆ ಸಣ್ಣ ಸಂಗತಿಯಲ್ಲ. ತಂದೆತಾಯಿಗಳಿಗೆ ಕನ್ನಡದ ಮೇಲೆ ಅಭಿಮಾನವಿಲ್ಲ ಎಂದು ಆಗ ಎಲ್ಲರೊಡನೆ ಹೇಳಿಕೊಂಡಿದ್ದೆವು. ಧರ್ಮಗುರುವಿನ ಎಲೆಯನ್ನು ಮತ್ತೆ ತೆಗೆದು ನೋಡಿದೆವು. ಗುರುವಿನ ಮುಖ ನಮ್ಮ ಕಡೆಗಿದೆ. ಶಿಷ್ಯರಿಬ್ಬರೂ ನಮಗೆ ಬೆನ್ನು ತೋರಿಸಿದ್ದಾರೆ. ಅವರ ಮುಖ ಹೇಗಿದೆಯೆಂದು ಚಿತ್ರದಲ್ಲಿ ಇಲ್ಲ. ಕಾಣುವುದನ್ನು ಮಾತ್ರ ಬರೆಯಬೇಕೆಂಬ ನಿಯಮವನ್ನು ಮಾಡಿಕೊಂಡ ನಾವು ಕಿರೀಟವನ್ನು ಬರೆದಿದ್ದೆವು, ಕೀಲಿಕೈಗಳನ್ನು ಬರೆದಿದ್ದೆವು, ಇದನ್ನು ಬರೆದಿರಲಿಲ್ಲ. ನಾಣ್ಯ ಐದರ ಮುಂದೆ ನಮ್ಮನ್ನು ಹಿಮದಲ್ಲಿ ನಿಲ್ಲಿಸಿಕೊಂಡೆವು. ಆಟಿಯ ಮಳೆಯಲ್ಲಿ ಒಳಗಿದ್ದವರು ನಾವು, ಹೊರಗಿದ್ದವನು ಅವನು.

ಅವನು ಬಿಟ್ಟುಹೋದದ್ದು ಅದರಿಂದಲೇ ಎಂದು ದಿನಚರಿ ಹೇಳುವುದಿಲ್ಲ. ಅಲ್ಲವೆಂದು ಹೇಳಲು ನಮ್ಮನ್ನು ಬಿಡುವುದೂ ಇಲ್ಲ. ಎರಡು ದಿನ ತಡೆದುಕೊಂಡು, ಮೂರನೆಯ ದಿನ ಅವರ ಮನೆಗೆ ಹೋದೆವು. "ಬನ್ನಿ ಮಾಷ್ಟ್ರೇ, ಕೂತುಕೊಳ್ಳಿ. ಇಷ್ಟು ದೂರ ಬಿಸಿಲಿಗೆ ಬಂದಿರಲ್ಲ?" ಎಂದು ತಂದೆ ಬೆಲ್ಲ ನೀರು ತರಿಸಿದರು. ಶಾಲೆಯನ್ನು ಬದಲಾಯಿಸಿದ್ದು ಏಕೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹುಡುಗ ಬಾಗಿಲ ಮರೆಯಲ್ಲಿದ್ದ. ಕರೆದು ಹತ್ತಿರ ನಿಲ್ಲಿಸಿಕೊಂಡು, ಆ ದಿನ ನಿನ್ನನ್ನು ಹೊರಗೆ ನಿಲ್ಲಿಸಿದ್ದು ನಮ್ಮ ತಪ್ಪು ಎಂದೆವು. ಅವನು ತಂದೆಯ ಮುಖ ನೋಡಿದ. ಸ್ವಲ್ಪ ಹೊತ್ತಿನ ಮೇಲೆ, "ಪದ್ಯ ನನಗೆ ಬರ್ತಿತ್ತು ಮಾಷ್ಟ್ರೇ. ನಾನು ಹೇಳಿದ್ರೆ ಎಲ್ಲರೂ ನಗಾಡ್ತಾರೆ. ಮೊದಲೊಂದು ಸಲ ನೀವೂ ನಗಾಡಿದ್ರಿ," ಎಂದ.

ಇಲ್ಲಿನ ಮಕ್ಕಳು ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಟಿ, ಬ್ಯಾರಿ ಹೀಗೆ ನಾನಾ ಮಾತುಗಳನ್ನಾಡಿ ಶಾಲೆಯಲ್ಲಿ ಕನ್ನಡವನ್ನು ಕಲಿಯುವವರು. ಮಹಾಪ್ರಾಣಗಳು ಆ ಹುಡುಗನ ನಾಲಗೆಗೆ ಒಗ್ಗುತ್ತಿರಲಿಲ್ಲ, ನಕ್ಕಿರಬಹುದು. ಮನೆಗೆ ಬಂದು ದಿನಚರಿಯನ್ನು ಮೊದಲಿನಿಂದ ಕೊನೆಯವರೆಗೆ ಹುಡುಕಿದೆವು. ನಕ್ಕದ್ದು ಎಲ್ಲಿಯೂ ಇಲ್ಲ. ಜಗಲಿಯಲ್ಲಿ ನಿಲ್ಲಿಸಿದ್ದು ನಮಗೆ ಸಾಧನೆಯಾಗಿ ಕಂಡದ್ದರಿಂದ ಪುಸ್ತಕಕ್ಕೆ ಬಂತು. ನಗೆ ಏನೂ ಅಲ್ಲವೆಂದು ಕಂಡದ್ದರಿಂದ ಬರಲಿಲ್ಲ. ಅವನು ಅದನ್ನು ಒಂದು ವರ್ಷ ಹೊತ್ತುಕೊಂಡಿದ್ದ. ನಮ್ಮ ನುಡಿಯನ್ನು ಕೇಳುವವರಿಲ್ಲವೆಂದು ಸಭೆಯಲ್ಲಿ ಗೋಳಾಡಿದವರು, ನಮ್ಮ ನುಡಿಯನ್ನು ಕಲಿಯಲು ಬಂದವನ ಬಾಯಿಯನ್ನು ತರಗತಿಯಲ್ಲಿ ಮುಚ್ಚಿಸಿದ್ದೆವು.

ಆದುದರಿಂದ ದಿನಚರಿಯೇ ಪೂರ್ಣ ಸಾಕ್ಷಿಯೆಂದು ನಾವು ವಾದಿಸುವುದಿಲ್ಲ. ಅದರಲ್ಲಿರುವುದು ನಾವು ಕಂಡದ್ದು ಮಾತ್ರ. ಆದರೆ ಅದು ಇಲ್ಲದಿದ್ದರೆ ಆ ಮನೆಯ ಮೆಟ್ಟಿಲನ್ನು ನಾವು ಹತ್ತುತ್ತಿರಲಿಲ್ಲ, ಕಾಣದೆ ಹೋದದ್ದು ಕಿವಿಗೆ ಬೀಳುತ್ತಿರಲಿಲ್ಲ. ಈಗ ಬಲಗಡೆಯ ಪುಟದಲ್ಲಿ ಮಾತ್ರ ಬರೆಯುತ್ತೇವೆ. ಎಡಗಡೆಯದನ್ನು ಖಾಲಿ ಬಿಡುತ್ತೇವೆ, ಮುಂದೆ ಬೇರೆಯವರ ಬಾಯಿಂದ ತಿಳಿದುಬಂದದ್ದಕ್ಕಾಗಿ. ಆ ಬುಧವಾರದ ಎದುರಿಗೆ ಎಡೆಯಿರಲಿಲ್ಲವಾದ್ದರಿಂದ ಒಂದು ಚೀಟಿಯನ್ನು ಅಂಟಿಸಿದ್ದೇವೆ. ತರಗತಿಯಲ್ಲಿ ಪದ್ಯವನ್ನು ಮೊದಲು ಎಲ್ಲರೂ ಕೂಡಿ, ಬಳಿಕ ಇಬ್ಬಿಬ್ಬರಾಗಿ ಹೇಳುತ್ತಾರೆ. ಒಬ್ಬರೇ ಹೇಳುವುದು ಮಗು ತಾನಾಗಿ ಎದ್ದು ನಿಂತರೆ ಮಾತ್ರ.

ಹುಡುಗ ಹಳೆಯ ಶಾಲೆಗೆ ಮರಳಿ ಬರಲಿಲ್ಲ. ಬರಬೇಕೆಂದು ನಾವು ಕೇಳಲೂ ಇಲ್ಲ. ಮೊನ್ನೆ ಜಾತ್ರೆಯಲ್ಲಿ ಕಂಡಾಗ ಓಡಿಹೋಗದೆ ನಿಂತು, "ಎಲ್ಲಿಗೆ ಮಾಷ್ಟ್ರೇ?" ಎಂದು ಕೇಳಿದ. ಅಂದಿನ ಎಲೆ ಯಾವುದೆಂದು ಈಗ ಜ್ಞಾಪಕಕ್ಕೆ ಬರುತ್ತಿಲ್ಲ. ಅವನು ಕೇಳಿದ್ದನ್ನು ಮಾತ್ರ ಎಡಗಡೆಯ ಪುಟದಲ್ಲಿ ಬರೆದಿಟ್ಟಿದ್ದೇವೆ.