ಒಂದೇ ರಂಗಸ್ಥಳದಲ್ಲಿ ಇಬ್ಬರು ಭಾಗವತರು

ಮಕ್ಕಳೇ, ನೀವು ಯಕ್ಷಗಾನ ನೋಡಿದ್ದೀರಲ್ಲವೇ? ಭಾಗವತರು ಜಾಗಟೆ ಹಿಡಿದು ಪದ ಹಾಡುತ್ತಾರೆ. ಚೆಂಡೆ, ಮದ್ದಳೆಯವರು ಅವರನ್ನೇ ಗಮನಿಸುತ್ತಾ ನುಡಿಸುತ್ತಾರೆ. ವೇಷಧಾರಿ ಆ ತಾಳಕ್ಕೆ ಹೆಜ್ಜೆ ಹಾಕುತ್ತಾನೆ. ಈಗ ಒಂದೇ ರಂಗಸ್ಥಳದಲ್ಲಿ ಇಬ್ಬರು ಭಾಗವತರು ಕುಳಿತು, ಒಬ್ಬರಿಗೊಬ್ಬರು ಕಾಣದಂತೆ, ಬೇರೆ ಬೇರೆ ತಾಳ ಹಾಕಿದರೆ ಏನಾದೀತು? 2024ರ ಮಳೆಗಾಲದಲ್ಲಿ ನನ್ನ ಕಂಪ್ಯೂಟರಿನೊಳಗೆ ಆದದ್ದು ಅದೇ.

ನಾನಿರುವುದು ಮಂಗಳೂರಿನಲ್ಲಿ. ಇಲ್ಲಿನ ಗುರುಪುರ ನದಿಯ ಬದಿಯ ಒಂದು ಶಾಲೆಯ ಮಕ್ಕಳು ಜೂನ್ ಮೊದಲ ದಿನದಿಂದ ಮಳೆ ಅಳೆಯುತ್ತಿದ್ದರು. ದಿನವೂ ಬೆಳಿಗ್ಗೆ 8.30ಕ್ಕೆ, ಭಾನುವಾರವೂ ಬಿಡದೆ! ಹವಾಮಾನ ಇಲಾಖೆಯವರು ದಿನದ ಮಳೆಯನ್ನು ಅಳೆಯುವುದೂ ಅದೇ ಹೊತ್ತಿಗೆ. ಹಾಗಾಗಿ ನಮ್ಮ ಲೆಕ್ಕವನ್ನು ಪಣಂಬೂರಿನ ಲೆಕ್ಕದೊಂದಿಗೆ ಹೋಲಿಸಿ ನೋಡಬಹುದು. ಜೊತೆಗೆ ಆಕಾಶದ ಒಂದು ಫೋಟೋ ಕೂಡ ತೆಗೆಯುತ್ತಿದ್ದರು. ಆಕಾಶವನ್ನು ಎಂಟು ಪಾಲು ಮಾಡಿ, ಅದರಲ್ಲಿ ಎಷ್ಟು ಪಾಲು ಮೋಡ ಎಂದು ಹೇಳುವುದು ಹವಾಮಾನ ತಜ್ಞರ ಕ್ರಮ. ಇದನ್ನೆಲ್ಲ ಲೆಕ್ಕ ಹಾಕುವ ಪ್ರೋಗ್ರಾಮ್ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಪ್ರೋಗ್ರಾಮ್ ಬರೆಯುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಬೇರೆಯವರು ಬರೆದಿಟ್ಟ ಸಿದ್ಧ ಭಾಗಗಳನ್ನು ತಂದು ಜೋಡಿಸುತ್ತಾರೆ. ಇವಕ್ಕೆ ಲೈಬ್ರರಿ ಎಂದು ಹೆಸರು. ನಾನು ಎರಡು ತಂದೆ. ಒಂದು ಅಂಕಿಗಳನ್ನು ಲೆಕ್ಕ ಹಾಕುವಂಥದ್ದು, ಇನ್ನೊಂದು ಫೋಟೋದಲ್ಲಿ ಮೋಡ ಗುರುತಿಸುವಂಥದ್ದು. ಗುಂಡಿ ಒತ್ತಿದೆ. ಪ್ರೋಗ್ರಾಮ್ ಒಂದು ಕ್ಷಣವೂ ಓಡದೆ ಸತ್ತು ಬಿತ್ತು. ಮತ್ತೆ ಒತ್ತಿದೆ. ಮತ್ತೆ ಅದೇ ಕಥೆ.

ನಿಮ್ಮ ಟಾರ್ಚ್ ಉರಿಯದಿದ್ದರೆ ಏನು ಮಾಡುತ್ತೀರಿ? ಬ್ಯಾಟರಿಯನ್ನು ಬೇರೆ, ಬಲ್ಬನ್ನು ಬೇರೆ ಪರೀಕ್ಷಿಸುತ್ತೀರಿ. ನಾನೂ ಹಾಗೆಯೇ ಮಾಡಿದೆ. ಪ್ರೋಗ್ರಾಮನ್ನು ಕತ್ತರಿಸುತ್ತಾ ಕತ್ತರಿಸುತ್ತಾ ಎರಡು ಸಾಲಿಗೆ ಇಳಿಸಿದೆ. ಮೊದಲ ಲೈಬ್ರರಿ ಒಂದನ್ನೇ ಕರೆದರೆ ಏನೂ ತೊಂದರೆಯಿಲ್ಲ. ಎರಡನೆಯದೊಂದನ್ನೇ ಕರೆದರೂ ಇಲ್ಲ. ಎರಡನ್ನೂ ಕರೆದರೆ ಕುಸಿತ! ಅಂದರೆ ಬ್ಯಾಟರಿಯೂ ಒಳ್ಳೆಯದೇ, ಬಲ್ಬೂ ಒಳ್ಳೆಯದೇ.

ಆಗ ಕಂಪ್ಯೂಟರ್ ತೋರಿಸಿದ ಸಂದೇಶವನ್ನು ನಿಧಾನವಾಗಿ ಓದಿದೆ. (ಮೊದಲೇ ಓದಬೇಕಿತ್ತು, ಬಿಡಿ.) ಇಂದಿನ ಕಂಪ್ಯೂಟರಿನ ಮಿದುಳಿನಲ್ಲಿ ಕೋರ್ ಎಂಬ ಹಲವು ಭಾಗಗಳಿರುತ್ತವೆ. ದೊಡ್ಡ ಲೆಕ್ಕವನ್ನು ಅವುಗಳಿಗೆ ಹಂಚಿ, ತಾಳ ತಪ್ಪದಂತೆ ನಡೆಸಲು ಓಪನ್ ಎಂಪಿ ಎಂಬ ಪದ್ಧತಿ 1997ರಿಂದ ಬಳಕೆಯಲ್ಲಿದೆ. ಅದೇ ಇಲ್ಲಿನ ಭಾಗವತ. ನಾನು ತಂದ ಎರಡು ಲೈಬ್ರರಿಗಳೂ ತಮ್ಮ ತಮ್ಮ ಭಾಗವತರನ್ನು ಜೊತೆಗೇ ಕರೆತಂದಿದ್ದವು! ಎರಡನೆಯವರು ಬಂದು ನೋಡಿದರೆ ಮೊದಲನೆಯವರು ಆಗಲೇ ಜಾಗಟೆ ಹಿಡಿದು ಕುಳಿತಿದ್ದಾರೆ. ‘ಆಟ ಇಲ್ಲಿಗೇ ನಿಲ್ಲಲಿ’ ಎಂದು ಎದ್ದುಬಿಟ್ಟರು.

ಸಂದೇಶದ ಕೊನೆಯಲ್ಲಿ ಒಂದು ಅಡ್ಡದಾರಿಯೂ ಇತ್ತು. ಒಂದು ಪದವನ್ನು ಬರೆದರೆ ಇಬ್ಬರೂ ಕುಳಿತಿರಲು ಒಪ್ಪಿಗೆ ಕೊಟ್ಟಂತೆ. ಬರೆದೆ. ಪ್ರೋಗ್ರಾಮ್ ಸರಾಗವಾಗಿ ಓಡಿತು. ಅಂಕಿಗಳನ್ನು ಶಾಲೆಗೆ ಕಳಿಸಿ ಮಲಗಿದೆ. ನಿದ್ದೆ ಬರಲಿಲ್ಲ. ಏಕೆಂದರೆ ಹಾಗೆ ಮಾಡಿದರೆ ಸದ್ದಿಲ್ಲದೆ ತಪ್ಪು ಉತ್ತರ ಬರಬಹುದು ಎಂದೂ ಅಲ್ಲೇ ಬರೆದಿತ್ತು. ಕುಸಿದು ಬೀಳುವ ಪ್ರೋಗ್ರಾಮ್ ‘ನನಗೆ ಹುಷಾರಿಲ್ಲ’ ಎನ್ನುತ್ತದೆ. ಸುಮ್ಮನೆ ತಪ್ಪು ಕೂಡಿಸುವುದು ಏನನ್ನೂ ಹೇಳುವುದಿಲ್ಲ. ಆ ಅಂಕಿಗಳಿಂದ ಶಾಲೆಯಲ್ಲಿ ಗ್ರಾಫ್ ಮಾಡಿ ಗೋಡೆಗೆ ಅಂಟಿಸುವವರಿದ್ದರು. ಬೆಳಿಗ್ಗೆ ಫೋನ್ ಮಾಡಿ, “ಬರೆಯಬೇಡಿ, ಒಂದು ದಿನ ತಡೆಯಿರಿ” ಎಂದೆ. ಹೇಳಲು ಸ್ವಲ್ಪ ನಾಚಿಕೆಯಾಯಿತು.

ಪರಿಹಾರವೂ ಯಕ್ಷಗಾನದಲ್ಲೇ ಇದೆ. ಜೋಡಾಟ ನೋಡಿದ್ದೀರಾ? ಎರಡು ಮೇಳ, ಅಕ್ಕಪಕ್ಕದಲ್ಲಿ ಎರಡು ರಂಗಸ್ಥಳ, ಪ್ರತಿಯೊಂದಕ್ಕೂ ಅದರದೇ ಭಾಗವತರು. ಕಂಪ್ಯೂಟರಿನಲ್ಲೂ ಹೀಗೆ ಬೇರೆ ಬೇರೆ ಅಂಗಳಗಳನ್ನು ಮಾಡಿಕೊಳ್ಳಬಹುದು. ಒಂದರಲ್ಲಿ ಮೋಡದ ಪ್ರೋಗ್ರಾಮ್ ಓಡಿಸಿ ಅಂಕಿಗಳನ್ನು ಒಂದು ಕಡತದಲ್ಲಿ ಬರೆಸಿದೆ. ಇನ್ನೊಂದರಲ್ಲಿ ಲೆಕ್ಕದ ಪ್ರೋಗ್ರಾಮ್ ಆ ಕಡತವನ್ನು ಓದಿಕೊಂಡಿತು.

ಇಂತಹ ಜಗಳ ನನಗೊಬ್ಬನಿಗೇ ಬಂದದ್ದಲ್ಲ. ವಿಜ್ಞಾನಿಗಳು ಹೆಚ್ಚಾಗಿ ಬಳಸುವ ನಂಪೈ ಎಂಬ ಲೆಕ್ಕದ ಲೈಬ್ರರಿ ಹುಟ್ಟಿದ್ದೇ ಒಂದು ಒಡಕನ್ನು ಸರಿಪಡಿಸಲು. ಒಂದೇ ಕೆಲಸಕ್ಕೆ ಎರಡು ಲೈಬ್ರರಿಗಳಿದ್ದು, ಬಳಸುವವರು ಎರಡು ಗುಂಪಾಗಿದ್ದಾಗ, ಟ್ರಾವಿಸ್ ಒಲಿಫಂಟ್ ಎಂಬುವರು 2005ರ ಸುಮಾರಿಗೆ ಎರಡನ್ನೂ ಒಂದು ಮಾಡಿದರು. ಅದೇ ನಂಪೈಯ ಎರಡನೆಯ ಆವೃತ್ತಿ 2024ರ ಜೂನ್‌ನಲ್ಲಿ ಬಂದಾಗ, ಹಳೆಯದಕ್ಕೆ ಹೊಂದುವಂತೆ ಕಟ್ಟಿದ್ದ ಎಷ್ಟೋ ಲೈಬ್ರರಿಗಳನ್ನು ಮತ್ತೆ ಕಟ್ಟಬೇಕಾಯಿತು.

ಹೊಸ ಅಂಕಿ ಬಂದ ಮೇಲೆ ನಾನೇ ಶಾಲೆಗೆ ಹೋದೆ. ಜೂನ್ ತಿಂಗಳ ಮೂವತ್ತು ದಿನದ ಮಳೆಯನ್ನು ಮಕ್ಕಳು ಪೆನ್ಸಿಲ್‌ನಲ್ಲಿ ಕೂಡಿಸಿದರು. ಕಂಪ್ಯೂಟರಿನ ಮೊತ್ತವೂ ಅದೇ. ಹಿಂದೆ ಕಳಿಸಿದ್ದೂ ಅದೇ!

“ಹಾಗಾದರೆ ಮೊದಲಿನದೇ ಸರಿಯಿತ್ತಲ್ಲ?” ಎಂದಳು ಐದನೆಯ ತರಗತಿಯ ಹುಡುಗಿ.

“ಸರಿಯಿತ್ತು. ಆದರೆ ಆಗ ನನಗದು ಗೊತ್ತಿರಲಿಲ್ಲ” ಎಂದೆ.

ಅವಳಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ. ಗ್ರಾಫ್ ಬರೆಯಲು ಕುಳಿತೆವು. ಜುಲೈ ತಿಂಗಳ ಕಂಬ ಕಾಗದದಲ್ಲಿ ಹಿಡಿಸದೆ, ಮೇಲೆ ಇನ್ನೊಂದು ಹಾಳೆ ಅಂಟಿಸಬೇಕಾಯಿತು.