ಪಟ್ಟಿಯೊಳಗಿನ ಚೋಕ್

ಡೊಂಬಿವಲಿ ಪೂರ್ವದ ಯಾವುದಾದರೂ ಹಳೆಯ ಸೊಸೈಟಿಯ ಮೆಟ್ಟಿಲು ಹತ್ತಿ ನೋಡಿ. ಒಂದಲ್ಲ ಒಂದು ಮಹಡಿಯಲ್ಲಿ ಟ್ಯೂಬ್‌ಲೈಟು ಮಿಣುಕುತ್ತಿರುತ್ತದೆ, ಎರಡೂ ತುದಿ ಕಪ್ಪಾಗಿರುತ್ತವೆ. ಒಳಗಿನ ತಂತಿಸುರುಳಿಯ ಲೇಪ ಸವೆದು ಗಾಜಿಗೆ ಅಂಟಿದ ಗುರುತು ಅದು. ಮೊದಲು ಸ್ಟಾರ್ಟರ್ ಬದಲಿಸುತ್ತೇವೆ. ಅದಕ್ಕೂ ಬಗ್ಗದಿದ್ದರೆ ಟ್ಯೂಬಿನ ಆಯಸ್ಸು ಮುಗಿಯಿತೆಂದೇ ಅರ್ಥ.

ಈ ದೀಪದ ಮೇಲೆ ನನಗೆ ಅಕ್ಕರೆಯಿದೆ. ಕಲ್ಯಾಣ, ಠಾಣೆ, ವಾಶಿಗಳಿಗೆ ಊರು ಬಿಟ್ಟು ಬಂದ ನಮ್ಮ ಕನ್ನಡಿಗರ ಮಕ್ಕಳು ಓದಿದ್ದು, ಸಂಘದ ಸಭೆಗಳು ನಡೆದದ್ದು, ಹೊಟೇಲಿನ ಲೆಕ್ಕ ಬರೆದದ್ದು ಇದರ ಬಿಳಿ ಬೆಳಕಿನಲ್ಲಿ. ವೋಲ್ಟೇಜ್ ಇಳಿದ ಸಂಜೆಗಳಲ್ಲಿ ಮಾತ್ರ ಎಷ್ಟು ಹೊತ್ತಾದರೂ ಹೊತ್ತಿಕೊಳ್ಳುತ್ತಿರಲಿಲ್ಲ.

ಈಗ ಹಳೆ ಟ್ಯೂಬ್ ಕೂರುತ್ತಿದ್ದ ಅದೇ ತಗಡಿನ ಪಟ್ಟಿಗೆ ಎಲ್‌ಇಡಿ ಟ್ಯೂಬ್ ಹಾಕಿಸುತ್ತೇವೆ. ನಮ್ಮ ಕಟ್ಟಡಕ್ಕೆ ಬರುವ ವೈರ್‌ಮನ್ ಅಕ್ಕಲಕೋಟೆ ಕಡೆಯವರು, ಮನೆಮಾತು ಕನ್ನಡ. ಸ್ಟೂಲ್ ಹತ್ತಿ, ಟ್ಯೂಬನ್ನು ಕಾಲು ಸುತ್ತು ತಿರುಗಿಸಿ ಇಳಿಸಿ, ಪಟ್ಟಿಯ ತಗಡು ಬಿಚ್ಚಿ, ಒಳಗಿನ ತೂಕದ ಚೋಕ್ ತೋರಿಸಿದರು. “ಸರ, ಇದನ್ನ ಒಳಗ ಬಿಟ್ರ ಸುಮ್ನ ಕರೆಂಟ್ ತಿಂತದ. ತಗದು ಹಾಕೂಣ.” ಅವರ ಮಾತು ಸರಿ. 40 ವ್ಯಾಟಿನ ಹಳೆ ಟ್ಯೂಬಿಗೆ ತಾಮ್ರದ ಚೋಕ್ ಹನ್ನೆರಡು ವ್ಯಾಟಿನಷ್ಟು ಸೇರಿಸುತ್ತದೆ. ಅಲ್ಲಿ 20 ವ್ಯಾಟಿನ ಎಲ್‌ಇಡಿ ನೇರವಾಗಿ ಉರಿದರೆ, ದಿನಕ್ಕೆ ಎಂಟು ಗಂಟೆಯ ಲೆಕ್ಕದಲ್ಲಿ ಒಂದು ದೀಪಕ್ಕೇ ವರ್ಷಕ್ಕೆ ತೊಂಬತ್ತು ಯೂನಿಟ್ ಉಳಿತಾಯ.

ಅವರು ಕೆಲಸ ಶುರುಮಾಡಿದ್ದು ಗೋಡೆಯ ಸ್ವಿಚ್ ಆರಿಸಿ ಅಲ್ಲ, ಮೇನ್ ಇಳಿಸಿ. ಹಳೆ ವೈರಿಂಗಿನಲ್ಲಿ ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲಿನ ಮೇಲೆ ಕೂತಿರುವುದುಂಟು. ಆಗ ದೀಪ ಆರಿದರೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತದೆ. ಮೇನ್ ಇಳಿಸಿದ ಮೇಲೂ ಟೆಸ್ಟರ್ ಮುಟ್ಟಿಸಿ ನೋಡಿದರು. ಕೆಲವು ಎಲ್‌ಇಡಿ ಟ್ಯೂಬಿಗೆ ಒಂದೇ ತುದಿಯಿಂದ ಸಪ್ಲೈ, ಕೆಲವಕ್ಕೆ ಎರಡೂ ತುದಿಯಿಂದ. ಡಬ್ಬಿಯ ಮೇಲಿನ ಚಿತ್ರ ನೋಡದೆ ವೈರ್ ಜೋಡಿಸಬಾರದು. ಕೊನೆಗೆ ಪಟ್ಟಿಯ ಮೇಲೆ ಮಾರ್ಕರಿನಲ್ಲಿ ‘ಚೋಕ್ ಇಲ್ಲ, ಎಲ್‌ಇಡಿ ಮಾತ್ರ’ ಎಂದು ಬರೆಯಲು ಹೇಳಿದೆ. ನಾಳೆ ಯಾರೋ ಹಳೆ ಟ್ಯೂಬ್ ತಂದು ಸಿಕ್ಕಿಸಿದರೆ ಅಪಾಯ.

ಇಷ್ಟೆಲ್ಲ ಎಚ್ಚರ ವಹಿಸುವ ನಾವು, ಇಳಿಸಿದ ಟ್ಯೂಬನ್ನು ಕಸದ ಡಬ್ಬಿಯ ಪಕ್ಕ ಒರಗಿಸಿ ಬರುತ್ತೇವೆ. ಅದು ನನ್ನನ್ನು ಚುಚ್ಚುತ್ತದೆ. ಒಳಗೆ ಕೆಲವೇ ಮಿಲಿಗ್ರಾಂ ಪಾದರಸ ಇದ್ದರೂ ಒಡೆದರೆ ಆವಿಯಾಗಿ ಹೊರಬರುತ್ತದೆ. ಅದನ್ನು ಉಸಿರಾಡುವವರು, ಚೂರುಗಳಿಗೆ ಕೈ ಹಾಕುವವರು ಬೆಳಿಗ್ಗೆ ಕಸ ಎತ್ತುವ ಹೆಣ್ಣುಮಕ್ಕಳು. ಈ ಪಾದರಸದ ಕಾರಣಕ್ಕೇ, ಉದ್ದ ಟ್ಯೂಬುಗಳ ತಯಾರಿಕೆ, ಆಮದು, ರಫ್ತುಗಳನ್ನು 2027ರೊಳಗೆ ನಿಲ್ಲಿಸಲು ಪಾದರಸ ನಿಯಂತ್ರಣದ ಮಿನಮಾಟ ಒಪ್ಪಂದದ ದೇಶಗಳು 2023ರಲ್ಲಿ ಜಿನೀವಾದಲ್ಲಿ ನಿರ್ಧರಿಸಿದವು. ನಮ್ಮ ದೇಶದ ಇ-ತ್ಯಾಜ್ಯ ನಿಯಮಗಳೂ ಪಾದರಸದ ದೀಪಗಳನ್ನು ಇ-ತ್ಯಾಜ್ಯವೆಂದೇ ಎಣಿಸಿವೆ.

ಹೊಸ ಟ್ಯೂಬ್ ಬಂದ ಉದ್ದ ಡಬ್ಬಿಯನ್ನು ಎಸೆಯಬೇಡಿ, ಹಳೆಯದನ್ನು ಅದರಲ್ಲೇ ಇಡಿ. ಸೊಸೈಟಿಯ ಮುಂದಿನ ಸಭೆಯಲ್ಲಿ ಈ ಮಾತು ಎತ್ತಿ. ಮೀಟರ್ ಕೋಣೆಯ ಒಂದು ಮೂಲೆ ಬಿಡಿಸಿ, ಹತ್ತಾರು ಸೇರಿದಾಗ ಇ-ತ್ಯಾಜ್ಯದವರಿಗೆ ಒಪ್ಪಿಸಿ.